ಉಪ್ಪಿನ ಲಾರಿಯ ಹಿಂದೆ

ಬೆಳಗಿನ ಐದಕ್ಕೆ ಹತ್ತು ನಿಮಿಷ. ನೆಂಟ್‌ಹೆಡ್ಡಿನಲ್ಲಿ
ಎದುರು ಮನೆಯ ಗೋಡೆ ಕಾಣದಷ್ಟು ಹಿಮ.
ಜಯಶೀಲನ ಹಳೆಯ ಬಸ್ ಪಾಸಿನಿಂದ
ಗಾಜು ಕೆರೆದು ಕಾರು ಹೊರಡಿಸಿದೆ.
ಗುಡ್ಡದ ಆಚೆ, ಕೌಸ್‌ಹಿಲ್ಲಿನಲ್ಲಿ,
ಡೋರಾ ಹೆದರಿಂಗ್‌ಟನ್ ಎಂಬ ಎಂಬತ್ತೊಂಬತ್ತರ ಮುದುಕಿ
ರಾತ್ರಿ ಹತ್ತರಿಂದ ಒಂದೇ ಮಗ್ಗುಲಲ್ಲಿ ಮಲಗಿದ್ದಾಳೆ.
ಆರಕ್ಕೆ ನಾನು ಹೋಗಿ ಹೊರಳಿಸಬೇಕು.
ಅಷ್ಟೇ ನನ್ನ ಸೇವೆ. ದೊಡ್ಡ ಮಾತು ಬೇಡ.

ಏರಿನಲ್ಲಿ ಸಿಕ್ಕಿತು ಕೌಂಟಿಯ ಉಪ್ಪಿನ ಲಾರಿ.
ತಲೆಯ ಮೇಲೆ ತಿರುಗುವ ಕಿತ್ತಳೆ ದೀಪ,
ಬೆನ್ನಿನಿಂದ ರಸ್ತೆಗೆ ಉಪ್ಪು ಎರಚುತ್ತ ಹತ್ತುತ್ತಿತ್ತು.
ಹಿಂದೆ ಬಿದ್ದೆ.
ಹರಳು ಗಾಜಿಗೆ ಬಡಿದವು ಚಟಪಟ,
ಬೆಟಗೇರಿಯಲ್ಲಿ ಅವ್ವ ಒಲೆಯ ಮೇಲೆ ಜೋಳ ಅರಳಿಸಿದಂತೆ.
ಹತ್ತಿರ ಹೋದರೆ ಕಣ್ಣು ಕಾಣದು,
ದೂರ ಉಳಿದರೆ ದೀಪ ಕಾಣದು.
ಎಷ್ಟು ಅಂತರವೆಂದು ಯಾರೂ ಕಲಿಸಿರಲಿಲ್ಲ.

ಹನ್ನೊಂದು ತಿಂಗಳಾಯಿತು ನಾನು ದೇವರೊಡನೆ ಮಾತು ಬಿಟ್ಟು.
ಪೂರ್ತಿ ಬಿಟ್ಟಿಲ್ಲ.
ಭಾನುವಾರ ಚಾಪೆಲಿಗೆ ಹೋಗುತ್ತೇನೆ,
ಹಾಡಿಗೆ ಬಾಯಿ ಆಡಿಸುತ್ತೇನೆ, ದನಿ ಬಿಡುವುದಿಲ್ಲ,
ಮುನಿಸಿಕೊಂಡ ಹೆಂಡತಿ ಊಟಕ್ಕೆ ಮಾತ್ರ ಬಡಿಸಿದ ಹಾಗೆ.
ಜಯಶೀಲ ಕಾರ್ಲೈಲಿನ ಆಸ್ಪತ್ರೆಯಲ್ಲಿದ್ದಾಗ
ಚಾಪೆಲಿನ ಹದಿನಾರು ಮುದುಕರು
ನೋಯುವ ಮೊಣಕಾಲೂರಿದ್ದರು,
ಬೆಟಗೇರಿಯಲ್ಲಿ ಅತ್ತೆ ಉಪವಾಸವಿದ್ದರು.
ಫೆಬ್ರವರಿಯ ಒಂದು ಮಂಗಳವಾರ
ನರ್ಸು ಅವನ ವಾಚು ಬಿಚ್ಚಿ ನನ್ನ ಕೈಗಿತ್ತಳು.
ಅದು ಇನ್ನೂ ನಡೆಯುತ್ತಿತ್ತು.

"ಆತನ ಚಿತ್ತ" ಎಂದರು ಪಾಲಕರು. ಒಳ್ಳೆಯವರು.
ನಾನು ಸ್ಟೋವ್ ಆರಿಸಲು ಎದ್ದು ಹೋದೆ.
ಸ್ಟೋವ್ ಹಚ್ಚಿರಲೇ ಇಲ್ಲ.

ಕನ್ನಡಿಯಲ್ಲಿ ನೋಡಿದೆ: ಹಿಂದೆ ಊರಿಲ್ಲ, ಬರೀ ಬಿಳಿ.
ಹಿಂದಿರುಗಿ ನೋಡಿದ ಹೆಂಗಸೊಬ್ಬಳು ಉಪ್ಪಾದಳೆಂದು
ಸಂಡೇ ಸ್ಕೂಲಿನಲ್ಲಿ ನಮ್ಮನ್ನು ಹೆದರಿಸುತ್ತಿದ್ದರು.
ಆಕೆ ಏನು ಬಿಟ್ಟು ಬಂದಿದ್ದಳೋ,
ಒಲೆಯ ಮೇಲೆ ಏನಿತ್ತೋ, ಯಾರೂ ಕೇಳಲಿಲ್ಲ.

ಕಡಿದಾದ ತಿರುವಿನಲ್ಲಿ ಚಕ್ರ ಜಾರಿತು.
ಅದೇ ಗಳಿಗೆ ಲಾರಿ ನಿಧಾನಿಸಿ
ಎರಡು ಕೆಂಪು ದೀಪ ಹೊತ್ತಿದವು.
ನನಗಾಗಿಯೋ? ತಿರುವಿಗಾಗಿಯೋ?
ಚಾಲಕನ ಮುಖ ನಾನು ಕಂಡಿಲ್ಲ,
ನಾನು ಹಿಂದಿರುವುದು ಅವನಿಗೆ ಗೊತ್ತೋ ಇಲ್ಲವೋ.
ದೀಪ ಹೊತ್ತಿದ್ದು ನಿಜ.
ನಾನು ರಸ್ತೆಗೆ ಮರಳಿದ್ದು ನಿಜ.

ಗುಡ್ಡದ ನೆತ್ತಿಯಲ್ಲಿ ಕೌಂಟಿಯ ಗಡಿ.
ಲಾರಿ ಅಗಲ ಜಾಗ ನೋಡಿ ತಿರುಗಿತು,
ಕಿತ್ತಳೆ ಬೆಳಕನ್ನು ಒಮ್ಮೆ ನನ್ನ ಮುಖದ ಮೇಲೆ ಎಳೆದು
ಬಂದ ದಾರಿಗೇ ಇಳಿಯಿತು. ಅವನ ಪಾಲಿನ ರಸ್ತೆ ಅಷ್ಟೇ.
ನಾನು ಒಬ್ಬಳೇ. ಬೈದೆ. ಯಾರನ್ನೆಂದು ಕೇಳಬೇಡಿ.
ಹನ್ನೊಂದು ತಿಂಗಳ ಮೇಲೆ ಬಾಯಿಂದ ಹೊರಟ
ಮೊದಲ ಪ್ರಾರ್ಥನೆ ಅದು:
"ಇಲ್ಲೀತನಕಾ ಕರಕೊಂಡು ಬಂದು
ನಡುದಾರ್ಯಾಗ ಬಿಡಾಂವೇನು ನೀ?"

ಉತ್ತರವಿಲ್ಲ. ವೈಪರ್ ಮಾತ್ರ
ಇಲ್ಲ ಇಲ್ಲವೆಂದು ತಲೆಯಾಡಿಸುತ್ತಿತ್ತು.
ಆರಕ್ಕೆ ಹೊರಳಿಸಬೇಕು.
ಕ್ಲಚ್ ಬಿಟ್ಟೆ, ಅಂಬೆಗಾಲಿಡುವ ಕೂಸಿನ ವೇಗದಲ್ಲಿ.

ಹೆಡ್‌ಲೈಟಿನ ಕೆಳಗೆ ರಸ್ತೆ ಕಪ್ಪಗಿತ್ತು.
ಕಪ್ಪು, ಒದ್ದೆ,
ಅಲ್ಲಲ್ಲಿ ಕಂದು ಹರಳು ಕರಗುತ್ತ.
ಆಚೆ ಕೌಂಟಿಯ ಲಾರಿ, ಯಾವಾಗಲೋ,
ನಾನು ನಿದ್ದೆಯಿಲ್ಲದೆ ಹಾಸಿಗೆಯಲ್ಲಿ ಹೊರಳುತ್ತಿದ್ದ ಹೊತ್ತಿಗೆ,
ಈ ಗಡಿಯ ತನಕ ಬಂದು ಹೋಗಿತ್ತು.
ಕೈ ಬೇರೆ. ಉಪ್ಪು ಅದೇ.

ಇದರಿಂದ ಜಯಶೀಲನ ಲೆಕ್ಕ ತೀರಿತೆಂದಲ್ಲ.
ಆ ಪ್ರಶ್ನೆ ಪಕ್ಕದ ಸೀಟಿನಲ್ಲೇ ಕೂತಿತ್ತು,
ಬೆಲ್ಟ್ ಹಾಕಿಕೊಂಡು.

ಆರು ಹನ್ನೆರಡಕ್ಕೆ ಡೋರಾ "ತಡ" ಎಂದಳು.
"ಹಿಮ" ಎಂದೆ.
"ಹಿಮ ಯಾವಾಗ ಇರಲಿಲ್ಲ?" ಎಂದಳು.
ಕೈ ತೊಳೆಯುವ ಮುನ್ನ ತುಟಿ ಒರೆಸಿಕೊಂಡರೆ ಉಪ್ಪು.
ಕಾರಿನ ಬಾಗಿಲದೋ, ನನ್ನದೋ.
ಉಪ್ಪು ತಿಂದವಳು; ಒಂದು ಲೋಟ ನೀರು ಕುಡಿದೆ.
ಆಮೇಲೆ ಅವಳನ್ನು ಹೊರಳಿಸಿದೆ.
ಬೆನ್ನು ಕೆಂಪಾಗಿತ್ತು, ಒಡೆದಿರಲಿಲ್ಲ.

"ಏನದು ಗುಂಯ್‌ಗುಡುತ್ತಿದ್ದೀ?" ಗೋಡೆಯ ಕಡೆ ಮುಖ ಮಾಡಿ ಗದರಿದಳು,
"ಜೋರಾಗಿ ಹಾಡು, ಇಲ್ಲವೆ ಸುಮ್ಮನಿರು."